‘ನಾನು ಒತ್ತುವವನು, ಗುರಿಕಾರನಲ್ಲ’

ಅಮೆರಿಕದ ಟೆಕ್ಸಸ್. ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಗೋಡೆಗೆ ಒತ್ತಿಕೊಂಡು ಒಂದು ಮೇಜು, ಮೇಜಿನ ಅಂಚಿಗೆ ಬೋಲ್ಟು ಬಿಗಿದು ನಿಲ್ಲಿಸಿದ ರೀಲೋಡಿಂಗ್ ಪ್ರೆಸ್ಸು. ಎರಕದ ಕಬ್ಬಿಣದ ಮೈ, ಹಣೆಯ ಮೇಲೆ ಕಳೆದ ಆಯುಧಪೂಜೆಯ ಕುಂಕುಮ. ಯಜಮಾನರು ಬೆಂಗಳೂರಿನಿಂದ ಹೋಗಿ ನೆಲೆಸಿದ ಸಾಫ್ಟ್‌ವೇರ್ ಎಂಜಿನಿಯರು. 6.5 ಕ್ರೀಡ್‌ಮೋರ್ ರೈಫಲ್ಲಿನಲ್ಲಿ 1000 ಗಜ ದೂರದ ಗುರಿಗೆ ಹೊಡೆಯುವುದು ವಾರಾಂತ್ಯದ ಹವ್ಯಾಸ. ತೋಟಾ ತಾವೇ ತುಂಬಿಕೊಳ್ಳುತ್ತಾರೆ. ಸ್ವಂತ ಬಳಕೆಗಾದರೆ ಅದಕ್ಕೆ ಅಲ್ಲಿನ ಕೇಂದ್ರ ಸರ್ಕಾರದ ಲೈಸೆನ್ಸು ಬೇಡ, ಮಾರುವುದಾದರೆ ಬೇಕು. ಸದ್ಯಕ್ಕೆ ಯಜಮಾನರಿಗೆ ಹೊಸ ಪ್ರೆಸ್ಸಿನ ಹುಚ್ಚು ಹತ್ತಿದೆ. ಅವರು ಕೆಲಸಕ್ಕೆ ಹೋಗಿದ್ದಾಗ ಹಳೆಯದನ್ನು ಮಾತಾಡಿಸಿದೆವು.

ನಮಸ್ಕಾರ. ನೋಡೋದಕ್ಕೆ ಥೇಟ್ ಶಾವಿಗೆ ಒರಳಿನ ಹಾಗಿದ್ದೀರಿ.

ಅದೇ ಕುಲ ಅಂದ್ಕೊಳ್ಳಿ ಸ್ವಾಮಿ. ಒಂದೇ ವ್ಯತ್ಯಾಸ. ಹಿಟ್ಟಿನ ಹದ ಕೆಟ್ಟರೆ ಯಾರೂ ಶಾವಿಗೆ ಒರಳನ್ನ ಬೈಯೋದಿಲ್ಲ.

ನಿಮ್ಮ ಕೆಲಸ ಏನು ಅಂತ ಸ್ವಲ್ಪ ಬಿಡಿಸಿ ಹೇಳಿ.

ಒಂದು ಸಲ ಹೊಡೆದ ಹಿತ್ತಾಳೆ ಕೇಸು ಕೋವಿಯೊಳಗೆ ಉಬ್ಬಿರತ್ತೆ. ಅದನ್ನ ನನ್ನ ಮಡಿಲಲ್ಲಿ ಕೂರಿಸಿ ಹಿಡಿ ಎಳೀತಾರೆ. ಕೇಸು ಮೇಲೇರಿ ಡೈಯೊಳಗೆ ಹೊಕ್ಕು ಮತ್ತೆ ಅಳತೆಗೆ ಬರತ್ತೆ, ಸುಟ್ಟ ಕೇಪು ಕೆಳಗೆ ಉದುರತ್ತೆ. ಆಮೇಲೆ ಹೊಸ ಕೇಪು, ತೂಕದ ಮದ್ದು. ಕಡೇಲಿ ಇನ್ನೊಂದು ಡೈ ಹಾಕಿ ಗುಂಡು ಕೂರಿಸೋದು. ಆಕಾರ ಕೊಡೋದು ಡೈ. ನಾನು ಒತ್ತುವವನು, ಅಷ್ಟೆ. ನನ್ನ ನೆತ್ತಿಯ ತೂತು ಮುಕ್ಕಾಲು ವಾಸಿ ಪ್ರೆಸ್ಸುಗಳಲ್ಲಿರೋ ಅದೇ ಅಳತೆದು: ಮುಕ್ಕಾಲಿಂಚಿಗೆ ಇನ್ನೊಂದು ಎಂಟನೇ ಭಾಗ ಸೇರಿಸಿ, ಇಂಚಿಗೆ 14 ಮರೆ. ಯಾರ ಡೈ ತಂದರೂ ಕೂರತ್ತೆ.

ಹಾಗಾದರೆ ಯಜಮಾನರು ನಿಮ್ಮನ್ನ ಯಾಕೆ ಬದಲಾಯಿಸ್ತಿದ್ದಾರೆ?

ಹೋದ ಪಂದ್ಯದಲ್ಲಿ ಎರಡು ಗುಂಡು ಎಡಕ್ಕೆ ಹೋದವು.

ಅದಕ್ಕೆ ನೀವು ಕಾರಣವೇ?

ಅವತ್ತು ಬಲಗಡೆಯಿಂದ ಗಾಳಿ ಬೀಸ್ತಿತ್ತು. ಗಂಟೆಗೆ 10 ಮೈಲಿ ಅಡ್ಡಗಾಳಿ ಇದ್ದರೆ ಇವರ ಗುಂಡು 1000 ಗಜ ಹೋಗೋಷ್ಟರಲ್ಲಿ ಸುಮಾರು 6 ಅಡಿ ಪಕ್ಕಕ್ಕೆ ಸರಿಯತ್ತೆ. ಆರಡಿ! ಇಲ್ಲಿ ನಾನು, ಇವರು ಜಗಳ ಆಡೋದು ಇಂಚಿನ ಸಾವಿರದಲ್ಲೆರಡು ಭಾಗಕ್ಕೆ. ಪೀಣ್ಯದ ಲೇತಿನವರು ಹೇಳೋ ಹಾಗೆ, ಎರಡು ಥೌ. ಆದರೆ ಗಾಳಿ ಅಂಗಡೀಲಿ ಸಿಗಲ್ಲ. ನಾನು ಸಿಗ್ತೀನಿ, ಅದೂ ಕಂತಿನ ಮೇಲೆ.

ಎರಡು ಥೌ ಅಂದರೆ ಮುಖ್ಯ ಅಲ್ವಾ?

ಮುಖ್ಯಾನೇ. ಹೊಡೆದ ಕೇಸಿನ ಶೋಲ್ಡರನ್ನ (ಕತ್ತಿನ ಕೆಳಗಿನ ಇಳಿಜಾರನ್ನ) ಪ್ರತಿ ಸಲ ಅಷ್ಟೇ ಹಿಂದಕ್ಕೆ ತಳ್ಳಬೇಕು. ಒಂದು ಕೇಸಲ್ಲಿ ಒಂದು ಥೌ, ಇನ್ನೊಂದರಲ್ಲಿ ನಾಲ್ಕು ಆಗಬಾರದು. ಆದರೆ ಹಾಗಾದಾಗೆಲ್ಲ ಕೈ ನನ್ನ ಕಡೆ ತೋರಿಸ್ತಾರೆ. ಹಿತ್ತಾಳೆ ಹೊಡೆದಷ್ಟೂ ಗಡಸಾಗತ್ತೆ, ಒತ್ತಿ ಬಿಟ್ಟರೆ ಸ್ಪ್ರಿಂಗಿನ ಹಾಗೆ ವಾಪಸ್ ಬರತ್ತೆ. ಕೇಸಿನ ಕತ್ತು, ಶೋಲ್ಡರನ್ನ ಮಾತ್ರ ಬೆಂಕೀಲಿ ಹದವಾಗಿ ಕಾಯಿಸಿ ಮೆತ್ತಗೆ ಮಾಡಬೇಕು. ಇವರು ಮಾಡಲ್ಲ. ಒಂದಕ್ಕೆ ಲ್ಯೂಬು ಜಾಸ್ತಿ ಸವರ್ತಾರೆ, ಒಂದಕ್ಕೆ ಕಮ್ಮಿ. ಮೊನ್ನೆ ಒಂದಕ್ಕೆ ಸವರೋದೇ ಮರೆತರು. ಕೇಸು ಡೈಯೊಳಗೆ ಕಚ್ಚಿಕೊಂಡಿತು. ಎರಡೂ ಕೈಲಿ ಹಿಡಿ ಜಗ್ಗಿದರು. ಕೇಸಿನ ರಿಮ್ಮು ಕಿತ್ತು ನನ್ನ ಬಾಯಲ್ಲಿ ಉಳೀತು, ಕೇಸು ಮೇಲೆ ಹಾಗೇ. ‘ದರಿದ್ರ ಪ್ರೆಸ್ಸು’ ಅಂದರು. ಕನ್ನಡದಲ್ಲೇ ಅಂದರು, ಅದೊಂದು ಸಮಾಧಾನ.

ಒತ್ತಡಕ್ಕೆ ನೀವು ಬಾಗ್ತೀರಿ ಅನ್ನೋ ಆರೋಪ ಇದೆಯಲ್ಲ?

ಬಾಗದ ಕಬ್ಬಿಣ ತೋರಿಸಿ, ಅದಕ್ಕೂ ಕುಂಕುಮ ಇಡೋಣ. ಪ್ರತಿ ಸಲ ಒಂದೇ ಸಮ ಬಾಗ್ತೀನೋ ಇಲ್ವೋ, ಅದನ್ನ ಕೇಳಬೇಕು. ಓ ಆಕಾರದ ಎರಕದ ಮೈಯವರು ಹಾಗೇ ಬಾಗ್ತೀವಿ. ಮುಂದೆ ಬಾಯಿ ತೆರೆದ ಸಿ ಆಕಾರದ ಹಗುರ ಅಲ್ಯೂಮಿನಿಯಂ ಹುಡುಗರು ಭಾರೀ ಕೇಸು ಬಂದಾಗ ಸ್ವಲ್ಪ ಹೆಚ್ಚೇ ಬಗ್ತಾರೆ. ಅದಿರಲಿ, ಈ ಮೇಜು ನೋಡಿ. ಮರದ ಪುಡಿ ಒತ್ತಿ ಮಾಡಿದ ಹಲಗೆ. ನನ್ನ ಹಿಡಿ ಎಳೆದಾಗಲೆಲ್ಲ ಮುಂಭಾಗ ಕೆಳಗೆ ಬಾಗತ್ತೆ, ಆ ಕಡೆ ತುದೀಲಿರೋ ಕಾಫಿ ಲೋಟ ಕುಣಿಯತ್ತೆ. ಅದೇ ಮೇಜಿನ ಮೇಲೆ 0.02 ಗ್ರೇನ್ ತೂಗೋ ತಕ್ಕಡಿ ಇಟ್ಟು, ಒಂದೊಂದೇ ಕಾಳು ಮದ್ದನ್ನ ಚಿಮಟದಲ್ಲಿ ಎತ್ತಿ ಹಾಕ್ತಾರೆ. ತಲೆ ಮೇಲೆ ಫ್ಯಾನು ಓಡ್ತಿರತ್ತೆ.

ನಿಮ್ಮ ರ‍್ಯಾಮು (ಕೇಸನ್ನ ಮೇಲೆತ್ತೋ ದಂಡ) ಅಲುಗಾಡತ್ತೆ ಅಂತಲೂ ದೂರು.

ಕೂದಲೆಳೆಯಷ್ಟು ಅಲುಗಾಡತ್ತೆ, ಹೌದು. ಇಲಿನಾಯ್ ರಾಜ್ಯದ ಲನಾರ್ಕ್ ಅನ್ನೋ ಊರಲ್ಲಿ ಫಾರ್ಸ್ಟರ್ ಕಂಪನಿ ಇದೆ. ಅವರ ಕೋ-ಆಕ್ಸ್ ಪ್ರೆಸ್ಸಿನಲ್ಲಿ ಡೈಯನ್ನ ತಿರುಪಿ ಬಿಗಿಯೋದೇ ಇಲ್ಲ. ಸಂದಿಗೆ ತಳ್ಳಿ ಕೂರಿಸ್ತಾರೆ, ಅದು ಒಂಚೂರು ತೇಲ್ತಾ ಇರತ್ತೆ. ಕೇಸು ತನ್ನ ದಾರಿ ತಾನೇ ಹುಡುಕಿಕೊಂಡು ಡೈಯ ಮಧ್ಯಕ್ಕೆ ಬರಲಿ ಅಂತ ಬೇಕಂತಲೇ ಬಿಟ್ಟಿದ್ದು. ಒಳ್ಳೆ ಯಂತ್ರ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ನೋಡಿ, ಅಲ್ಲಿ ಅಲುಗಾಡಿದರೆ ‘ಫ್ಲೋಟಿಂಗ್’, ಇಲ್ಲಿ ಅಲುಗಾಡಿದರೆ ‘ಲೂಸು’.

ಅತಿ ನಿಖರವಾಗಿ ಹೊಡೆಯೋರು ಯಾವ ಪ್ರೆಸ್ಸು ಇಟ್ಟುಕೊಳ್ತಾರೆ?

ಕೇಳಿದರೆ ಯಜಮಾನರ ನಿದ್ದೆ ಕೆಡತ್ತೆ, ಮೆಲ್ಲಗೆ ಹೇಳ್ತೀನಿ. 100, 200 ಗಜದ ಬೆಂಚ್‌ರೆಸ್ಟ್ ಪಂದ್ಯದವರು, ಐದು ಗುಂಡನ್ನ ಒಂದೇ ತೂತಲ್ಲಿ ಹಾಕೋ ಜನ, ಗುಂಡು ಕೂರಿಸೋದು ಪುಟ್ಟ ಆರ್ಬರ್ ಪ್ರೆಸ್ಸಿನಲ್ಲಿ. ಮೇಜಿಗೆ ಬೋಲ್ಟು ಬಿಗಿಯೋದೂ ಬೇಡ. ಡಬ್ಬಿಯಲ್ಲಿ ಹಾಕಿಕೊಂಡು ರೇಂಜಿಗೆ ಹೋಗಿ, ಪಂದ್ಯದ ನಡುವೆ ಅಲ್ಲೇ ತುಂಬ್ತಾರೆ. ಮದ್ದನ್ನೂ ಬಹಳ ಜನ ತೂಗಲ್ಲ, ಅಳತೆ ಯಂತ್ರದಿಂದ ಸುರೀತಾರೆ. ಅವರ ಕೆಲಸಕ್ಕೆ ಅಷ್ಟು ಸಾಕು. ಅವರ ಡೈ ಅವರ ಕೋವಿಯ ಚೇಂಬರಿಗೇ ಹೊಂದೋ ಹಾಗೆ ಕೊರೆದದ್ದು, ಅವರ ಕೇಸುಗಳೂ ಆರಿಸಿ ತೆಗೆದವು. ದುಡ್ಡು ಅಲ್ಲಿಗೆ ಹೋಗಿರತ್ತೆ.

ಹಾಗಂತ ಮದ್ದಿನ ತೂಕ ಬೇಡ ಅಂತಲ್ಲ. 1000 ಗಜಕ್ಕೆ ಬಂದರೆ ಲೆಕ್ಕ ಬೇರೆ. ವೇಗ ಸೆಕೆಂಡಿಗೆ 10 ಅಡಿ ಹೆಚ್ಚುಕಮ್ಮಿಯಾದರೆ ಗುಂಡು ಸುಮಾರು 3 ಇಂಚು ಮೇಲೆ ಕೆಳಗಾಗತ್ತೆ. ಮದ್ದು ತೂಗಲಿ, ಪರವಾಗಿಲ್ಲ. ಫ್ಯಾನು ಆರಿಸಿ ತೂಗಲಿ.

ಟರೆಟ್ ಪ್ರೆಸ್ಸು? ಪ್ರೊಗ್ರೆಸಿವ್ ಪ್ರೆಸ್ಸು?

ಟರೆಟ್ಟಲ್ಲಿ ಎಲ್ಲಾ ಡೈಗಳೂ ತಲೆ ಮೇಲೇ ಇರ್ತವೆ, ತಿರುಗಿಸಿದರಾಯಿತು. ತಲೆ ಬಿಗಿಯಾಗಿದ್ದರೆ ಚೆನ್ನ. ಪ್ರೊಗ್ರೆಸಿವ್ ಹೆಚ್ಚಾಗಿ ಪಿಸ್ತೂಲಿನವರಿಗೆ, ಒಂದೊಂದು ಎಳೆತಕ್ಕೂ ಒಂದೊಂದು ತೋಟಾ. ಅಷ್ಟು ತೋಟಾ ಇವರಿಗೆ ಬೇಡ, ಇವರಿಗೆ ಬೇಕಾಗಿರೋದು ಮಾತು.

ಹೊಸದಾಗಿ ಕೊಳ್ಳೋರಿಗೆ ಏನು ಹೇಳ್ತೀರಿ?

ಕ್ಯಾಲಿಫೋರ್ನಿಯಾದ ಓರೋವಿಲ್ಲಿನಿಂದ ಹೆಸರು ಮಾಡಿದ ಆರ್‌ಸಿಬಿಎಸ್ ಕಂಪನಿಯವರ ರಾಕ್ ಚಕ್ಕರ್ ಥರದ ಒಂದು ಗಟ್ಟಿ ಸಿಂಗಲ್ ಸ್ಟೇಜ್ (ಒಂದು ಸಲಕ್ಕೆ ಒಂದೇ ಡೈ) ಸಾಕು, ಸೆಕೆಂಡ್ ಹ್ಯಾಂಡ್ ಆದರೂ ಸರಿ. ಕೊಳ್ಳುವಾಗ ಸುಟ್ಟ ಕೇಪು ಎಲ್ಲಿಗೆ ಬೀಳತ್ತೆ ನೋಡಿ. ಕೊಳವೆಯಲ್ಲಿ ಇಳಿದು ಡಬ್ಬಿಗೆ ಹೋಗೋದಾದರೆ ಉತ್ತಮ. ಆ ಮಸಿ ರ‍್ಯಾಮಿಗೆ ಮೆತ್ತಿಕೊಂಡರೆ ಮರಳುಕಾಗದ ಉಜ್ಜಿದ ಹಾಗೇ, ನನ್ನ ಮೈ ಸವೆದದ್ದು ಅದರಿಂದ. ಮೇಜು ದಪ್ಪ ಮರದ್ದಿರಲಿ. ಉಳಿದ ದುಡ್ಡಿಗೆ ಒಳ್ಳೆ ಡೈ, ಒಂದೇ ಬ್ಯಾಚಿನ ಕೇಸು. ಇನ್ನೂ ಮಿಕ್ಕರೆ ಗುಂಡು ಮದ್ದು ತಂದು, ಗಾಳಿ ಇರೋ ದಿನ ರೇಂಜಿಗೆ ಹೋಗಲಿ.

ಯಜಮಾನರು ಈ ಮಾತು ಒಪ್ತಾರಾ?

ಹೊಸದು ನಿನ್ನೇನೇ ಆರ್ಡರ್ ಆಯಿತಲ್ಲ.

*(ಓದುಗರ ಗಮನಕ್ಕೆ: ಭಾರತದಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸಿಲ್ಲದೆ ತೋಟಾ ತಯಾರಿಸುವಂತಿಲ್ಲ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ತೋಟಾ ತಯಾರಿಕೆಗೆ ಅದು ಅನ್ವಯಿಸುವುದಿಲ್ಲ.)*