ಮೇಷ್ಟ್ರ ಕಾಲು, ನನ್ನ ಕ್ಯಾಸಿಯೋ

ನಮ್ಮ ತುಮಕೂರು ಸೀಮೆಯಲ್ಲಿ ಕಪ್ಪು ಬಿಳಿ ಮನೆಗಳಿರುವ, ಕರೆಂಟು ತಿನ್ನುವ ಯಾವ ವಾದ್ಯವಾದರೂ ಅದು ಕ್ಯಾಸಿಯೋ. ಯಮಹಾ ಇರಲಿ, ರೋಲ್ಯಾಂಡ್ ಇರಲಿ, ಕೋರ್ಗ್ ಇರಲಿ, ಎಲ್ಲವೂ ಕ್ಯಾಸಿಯೋ. ನಾನು ತಂದಿರುವುದು ಸಿಂಥಸೈಜರ್, ಇರುವ ದನಿಯನ್ನು ನುಡಿಸುವುದಷ್ಟೇ ಅಲ್ಲ, ಇಲ್ಲದ ದನಿಯನ್ನೂ ಕಟ್ಟಿಕೊಡುವ ಯಂತ್ರ ಎಂದು ಎಷ್ಟು ಬಿಡಿಸಿ ಹೇಳಿದರೂ ನಮ್ಮ ಬೀದಿಯ ಟೀ ಅಂಗಡಿಯವನು "ಹೊಸ ಕ್ಯಾಸಿಯೋ ಹೆಂಗೈತೆ ಸಾರ್?" ಎಂದೇ ಕೇಳುತ್ತಾನೆ. ಹೆಂಡತಿಯಂತೂ ಅದರ ಬೆಲೆಯನ್ನು ಗ್ರಾಂ ಚಿನ್ನದ ಲೆಕ್ಕದಲ್ಲಿ ನೆನಪಿಟ್ಟುಕೊಂಡಿದ್ದಾಳೆ. ಆ ಲೆಕ್ಕ ಇಲ್ಲಿ ಬೇಡ.

ಇದನ್ನು ಲ್ಯಾಪ್‌ಟಾಪಿಗೆ ಕಟ್ಟುವ ಬುದ್ಧಿ ನನಗೆ ತಾನಾಗಿ ಬಂದದ್ದಲ್ಲ. ಕೊಟ್ಟವನು ಸಾಕ್ಷಾತ್ ಶ್ರೀಕೃಷ್ಣ ಪರಮಾತ್ಮ. ಅಂದರೆ ನನ್ನ ಭಾಮೈದ. ಗುಬ್ಬಿ ತಾಲ್ಲೂಕಿನ ಅವರ ಊರಿನಲ್ಲಿ ಕುರುಕ್ಷೇತ್ರ ನಾಟಕ ನಿಶ್ಚಯವಾಗಿತ್ತು. ಪಾತ್ರ ಮಾಡುವವರೇ ಕೈಯಿಂದ ದುಡ್ಡು ಹಾಕಿ ಆಡುವ ನಾಟಕ. ಇವನು ಕೃಷ್ಣನ ಪಾತ್ರ ಹಿಡಿದ. ಆದರೆ ಕೆಲಸ ಪೀಣ್ಯದ ಕಾರ್ಖಾನೆಯಲ್ಲಿ, ತಾಲೀಮಿಗೆ ಸಿಗುವುದು ಭಾನುವಾರ ಮಾತ್ರ. "ಭಾವ, ಹಾಡುಗಳ ಮಟ್ಟು ನುಡಿಸಿ ರೆಕಾರ್ಡ್ ಮಾಡಿ ವಾಟ್ಸಾಪಿಗೆ ಹಾಕಿ, ರೈಲಲ್ಲಿ ಕಲ್ತ್ಕೊಂಡ್ ಬಿಡ್ತೀನಿ" ಎಂದ. ಜಗತ್ತಿಗೆ ಗೀತೆ ಹೇಳಿದವನಿಗೆ ಮಟ್ಟು ಹೇಳಿಕೊಡುವ ಭಾಗ್ಯ ಯಾರಿಗುಂಟು? ಒಪ್ಪಿಕೊಂಡೆ.

ಮೊದಲ ದಿನ ಯುಎಸ್‌ಬಿ ಕೇಬಲ್ ಚುಚ್ಚಿ, ರೆಕಾರ್ಡ್ ಗುಂಡಿ ಒತ್ತಿ, ಒಂದು ಗಂಟೆ ಬೆವರು ಹರಿಸಿ ನುಡಿಸಿದೆ. ಪರದೆಯ ಮೇಲೆ ಪುಟ್ಟ ಪುಟ್ಟ ಪಟ್ಟಿಗಳು ಸಾಲಾಗಿ ಮೂಡಿದ್ದವು. ಕೇಳಿದರೆ ನಿಶ್ಶಬ್ದ. ದನಿಯ ಗುಂಡಿಗಳನ್ನೆಲ್ಲ ಎತ್ತರಿಸಿದೆ. ಇನ್ನೂ ಶುಭ್ರವಾದ ನಿಶ್ಶಬ್ದ.

ಕುಣಿಗಲ್‌ನಲ್ಲಿ ನನಗೊಬ್ಬ ಗೆಳೆಯನಿದ್ದಾನೆ, ಮದುವೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುವವನು. ಫೋನು ಮಾಡಿದೆ. ಹೊಟ್ಟೆ ತುಂಬ ನಕ್ಕು ಹೇಳಿದ: "ಅದು ಮಿಡಿ ಕಣಯ್ಯ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಬಿಟ್ಟು ಬಿಲ್ಲು ಕಟ್ಟಿಸ್ಕೊಂಡ್ ಬಂದಿದೀಯ."

ಮಿಡಿ ಎಂಬುದರಲ್ಲಿ ದನಿಯೇ ಇಲ್ಲ. ಬರೀ ಚೀಟಿ. ಅರವತ್ತನೇ ನಂಬರಿನ ಮನೆ ಒತ್ತಿದ, ಇಷ್ಟು ಬಿರುಸಾಗಿ ಒತ್ತಿದ, ಈಗ ಬಿಟ್ಟ. ಇಷ್ಟನ್ನೇ ಬರೆದುಕೊಂಡು ಓಡುವ ಚೀಟಿ. ಬಿರುಸಿನ ಲೆಕ್ಕವೂ 127ರ ಒಳಗೇ. 1983ರಲ್ಲಿ ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಮುಂತಾದವರು ಒಬ್ಬರ ಮುಖ ಒಬ್ಬರು ನೋಡದ ಕಂಪನಿಗಳನ್ನೆಲ್ಲ ಒಪ್ಪಿಸಿ ಮಾಡಿದ ಭಾಷೆ ಇದು. ಹದಿನಾರು ಚಾನೆಲ್, ಸೆಕೆಂಡಿಗೆ 31,250 ಬಿಟ್. ಆವತ್ತಿನ ವಾದ್ಯಕ್ಕೆ ಇವತ್ತಿನದನ್ನು ಕಟ್ಟಿದರೂ ಮಾತಾಡುತ್ತವೆ. ನಮ್ಮಲ್ಲಿ ಅಣ್ಣತಮ್ಮಂದಿರು ಪಾಲಾದ ಮಾರನೇ ದಿನವೇ ಮಾತು ಬಿಡುತ್ತಾರೆ. ಸರಿ, ಇಡ್ಲಿ ಬೇಕಾದರೆ ಕೀಬೋರ್ಡಿನ ಬೆನ್ನಿನ ಎಡ, ಬಲ ಎರಡೂ ತೂತಿನಿಂದ ಬೇರೆ ವೈರು ಎಳೆದು ಆಡಿಯೋ ಇಂಟರ್‌ಫೇಸಿನ ಲೈನ್ ಇನ್‌ಪುಟ್ಟಿಗೆ ಕೊಡಬೇಕು. ಲ್ಯಾಪ್‌ಟಾಪಿನ ಮೈಕ್ ತೂತಿಗೆ ತುರುಕಬಾರದು. ಅದು ಪಿಸುಮಾತಿಗೆಂದು ಮಾಡಿದ ಕಿವಿ, ಕೀಬೋರ್ಡು ಅದರೊಳಗೆ ದುರ್ಯೋಧನನ ಹಾಗೆ ಕೂಗಿದರೆ ಒಡಕು ದನಿಯಷ್ಟೇ ಬರುತ್ತದೆ.

ಅದನ್ನೂ ಮಾಡಿದೆ. ಈಗ ಒಂದು ಮನೆ ಒತ್ತಿದರೆ ಎರಡು ದನಿ. ಹಳ್ಳಿ ನಾಟಕ ನೋಡಿದವರಿಗೆ ಈ ರೋಗ ಗೊತ್ತು. ಪರದೆ ಹಿಂದಿನ ಪ್ರಾಂಪ್ಟರ್ ಗಟ್ಟಿಯಾಗಿ ಓದುತ್ತಾನೆ, ಭೀಮ ಅದನ್ನೇ ಒಪ್ಪಿಸುತ್ತಾನೆ, ಜನಕ್ಕೆ ಎರಡೂ ಕೇಳುತ್ತವೆ. ಇಲ್ಲೂ ಹಾಗೆಯೇ. ಒತ್ತಿದ ಕೂಡಲೇ ಕೀಬೋರ್ಡು ತಾನೇ ಒಮ್ಮೆ ನುಡಿಯುತ್ತದೆ. ಚೀಟಿ ಲ್ಯಾಪ್‌ಟಾಪಿಗೆ ಹೋಗಿ ವಾಪಸು ಬಂದು ಇನ್ನೊಮ್ಮೆ ನುಡಿಸುತ್ತದೆ. ಕೀಬೋರ್ಡಿನಲ್ಲಿ 'ಲೋಕಲ್ ಕಂಟ್ರೋಲ್' ಎಂಬುದನ್ನು ಆಫ್ ಮಾಡಿದರೆ ಮನೆಗಳಿಗೂ ದನಿಗೂ ಒಳಗಿನ ನಂಟು ಕಡಿದು, ಲ್ಯಾಪ್‌ಟಾಪಿನಿಂದ ಬಂದದ್ದು ಮಾತ್ರ ನುಡಿಯುತ್ತದೆ. ಮಾಡಿದೆ, ವಾಸಿಯಾಯಿತು.

ವಾಸಿಯಾದದ್ದೇ ಎಡವಟ್ಟಾಯಿತು. ಭಾನುವಾರ ಕೀಬೋರ್ಡನ್ನು ಹೊತ್ತು ಊರಿನ ತಾಲೀಮಿಗೆ ಹೋದೆ. ದೀಪ ಉರಿಯುತ್ತಿದೆ, ಹೆಸರು ಮಿನುಗುತ್ತಿದೆ, ದನಿ ಇಲ್ಲ. ಶಕುನಿ ಪಾತ್ರದವರು ಪ್ಲಗ್ಗು ಅಲ್ಲಾಡಿಸಿದರು. ಧರ್ಮರಾಯ ಅಡಿಯಿಂದ ಒಂದು ಗುದ್ದು ಕೊಟ್ಟ. ಕೊನೆಗೆ ಹಿರಿಯರೊಬ್ಬರು "ದೃಷ್ಟಿ ಆಗೈತೆ ಕಣ್ರೋ" ಎಂದು ನಿಂಬೆಹಣ್ಣು ತರಿಸಿ ಮೂರು ಸುತ್ತು ಇಳಿ ತೆಗೆದರು. ಹಣ್ಣು ಕೊಯ್ಯುವ ಹೊತ್ತಿಗೆ ನನಗೆ ಲೋಕಲ್ ಕಂಟ್ರೋಲ್ ನೆನಪಾಯಿತು. ನನ್ನ ಯಂತ್ರ ಆಫ್ ಮಾಡಿದರೂ ಹಳೆಯದನ್ನು ಮರೆಯದ ಜಾತಿಯದು. ಮೆಲ್ಲಗೆ ಆನ್ ಮಾಡಿದೆ. ದನಿ ಬಂತು. ಆ ನಿಂಬೆಹಣ್ಣಿನ ಕೀರ್ತಿಗೆ ನಾನು ಇವತ್ತಿನವರೆಗೂ ಅಡ್ಡ ಬಂದಿಲ್ಲ.

ಇನ್ನೊಮ್ಮೆ ಉತ್ತರೆಯ ಶೋಕದ ಹಾಡಿನ ನಡುವೆ ಯಾರೋ ಕೇಬಲ್ ಎಡವಿದರು. 'ಒತ್ತಿದ' ಎಂಬ ಚೀಟಿ ಬಂದಿತ್ತು, 'ಬಿಟ್ಟ' ಎಂಬುದು ಬರಲೇ ಇಲ್ಲ. ಉತ್ತರೆ ಅಳು ನಿಲ್ಲಿಸಿ ಬೀಡಿ ಹಚ್ಚಿದರೂ ಪಿಟೀಲು ಅಳುತ್ತಲೇ ಇತ್ತು. ಇಂಥ ಹೊತ್ತಿಗೆಂದೇ 'ಪ್ಯಾನಿಕ್' ಎಂಬ ಗುಂಡಿ ಇದೆ. ಒತ್ತಿದರೆ ಎಲ್ಲ ದನಿಗಳೂ ಬಾಯಿ ಮುಚ್ಚುತ್ತವೆ. ಇದನ್ನು ಸಂಸಾರಗಳಿಗೂ ಒಂದೊಂದು ಕೊಟ್ಟಿದ್ದರೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಇಷ್ಟರಲ್ಲಿ ನಾಟಕದ ಹಾರ್ಮೋನಿಯಂ ಮೇಷ್ಟ್ರು ನನ್ನ ಮನೆಗೇ ಬಂದರು. ಕೃಷ್ಣನಿಗೆ ನನ್ನ ಕೈಯ ಮಟ್ಟು ಹೋದರೆ ನಾಟಕ ಕೆಟ್ಟಿತೆಂಬ ಭಯ. ಎಪ್ಪತ್ತು ದಾಟಿದ ಗುಬ್ಬಿಯ ಜೀವ. ಬಂದವರು ಸ್ಪೀಕರಿನ ಗುಂಯ್ ಎಂಬ ಗೊಣಗಾಟಕ್ಕೆ ಕಿವಿಗೊಟ್ಟು, "ಸ್ವಾಮಿ, ಈ ಶ್ರುತಿ ಬಿಳಿ ಐದಕ್ಕಿಂತ ಚೂರು ಏರೈತೆ" ಎಂದರು. ನಾನು ನಕ್ಕೆ. ಆಮೇಲೆ ಲೆಕ್ಕ ಹಾಕಿ ನಗು ನುಂಗಿದೆ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ತೂಗುತ್ತದೆ. ಬಿಳಿ ಐದು, ಅಂದರೆ ಐದನೇ ಬಿಳಿ ಮನೆ, ಅತಿ ಮಂದ್ರದಲ್ಲಿ 49. ಮೇಷ್ಟ್ರು ಕರೆಂಟಿಗೇ ಶ್ರುತಿ ಹಿಡಿದಿದ್ದರು!

ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೆ, ಗೊಣಗಾಟ ನಿಂತಿತು. ಕೀಬೋರ್ಡು ಒಂದು ಪ್ಲಗ್ಗಿನಿಂದ, ಲ್ಯಾಪ್‌ಟಾಪು ಇನ್ನೊಂದರಿಂದ ಭೂಮಿ ಮುಟ್ಟಿ, ನಡುವೆ ಕೇಬಲ್ ಸೇರಿ ಒಂದು ಸುತ್ತು ಬಿದ್ದಾಗ ಹೀಗಾಗುತ್ತದೆ. ಎರಡನ್ನೂ ಒಂದೇ ಬೋರ್ಡಿಗೆ ಚುಚ್ಚಿದರೆ ಎಷ್ಟೋ ಪಾಲು ಹೋಗುತ್ತದೆ. ಹೋಗದಿದ್ದರೆ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಡಬ್ಬಿ ಇಡಬೇಕು. ನಮ್ಮವರ ಕೈಮದ್ದು ಬೇರೆ: ಪ್ಲಗ್ಗಿನ ದಪ್ಪ ಪಿನ್ನನ್ನೇ ಮುರಿದು ಬಿಸಾಕುವುದು. ದಯವಿಟ್ಟು ಬೇಡ. ಆ ಪಿನ್ನು ಜೀವ ಕಾಯುವುದಕ್ಕಿರುವುದು.

ಮೇಷ್ಟ್ರು ನುಡಿಸಲು ಕೂತರು. ಎರಡು ಸಾಲಿಗೇ ಕೈ ಎತ್ತಿದರು. "ನಾನು ಇಲ್ಲಿ ಒತ್ತಿದ್ರೆ ಯಾರೋ ಆ ಬೀದೀಲಿ ನುಡಿಸ್ತಾವ್ರೆ." ಇದೂ ಲೆಕ್ಕಕ್ಕೆ ಸರಿಯೇ. ಲ್ಯಾಪ್‌ಟಾಪು ದನಿಯನ್ನು ಸೆಕೆಂಡಿಗೆ 44,100 ತುಣುಕು ಮಾಡಿ, ಬಕೆಟ್ ತುಂಬಿದ ಮೇಲೆ ಹೊರುತ್ತದೆ. ನನ್ನ ಬಫರು 1024 ತುಣುಕಿನ ಬಕೆಟ್. ತುಂಬಲು 23 ಮಿಲಿಸೆಕೆಂಡು. ಒಳಗೆ ಬರಲು ಒಂದು, ಹೊರಗೆ ಹೋಗಲು ಒಂದು. ಅಷ್ಟು ಹೊತ್ತಿನಲ್ಲಿ ದನಿ ಗಾಳಿಯಲ್ಲಿ ಹದಿನಾರು ಮೀಟರ್ ನಡೆದಿರುತ್ತದೆ, ನಮ್ಮ ಮನೆಯಿಂದ ಎದುರು ಸಾಲಿನ ಬೋಂಡಾ ಅಂಗಡಿಗೆ. ಬಕೆಟ್ಟನ್ನು 128ಕ್ಕೆ ಇಳಿಸಿದೆ, ತುಂಬುವ ಹೊತ್ತು ಮೂರು ಮಿಲಿಸೆಕೆಂಡಿಗೆ ಬಂತು. 64 ಮಾಡಿದರೆ ಹಳೆ ಲ್ಯಾಪ್‌ಟಾಪಿಗೆ ಓಡಾಟ ಹೆಚ್ಚಾಗಿ ಒಗ್ಗರಣೆ ಸಾಸಿವೆಯ ಹಾಗೆ ಚಟಪಟ ಸಿಡಿಯಿತು. ಕೊನೆಗೆ ಕುಣಿಗಲ್ ಗೆಳೆಯ ಹೇಳಿದ್ದೇ ವಾಸಿ. ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಹಾಕಿ ಕೀಬೋರ್ಡಿನ ದನಿಯನ್ನು ನೇರ ಕೇಳುವುದು, ಲ್ಯಾಪ್‌ಟಾಪು ತನ್ನ ಪಾಡಿಗೆ ಬರೆದುಕೊಳ್ಳಲಿ.

ಬೇನೆಗಳೆಲ್ಲ ಮುಗಿದವು ಎಂದು ನಾನು ಬೀಗಿದೆ. ಸಾವಿರ ಚಿಲ್ಲರೆ ದನಿಗಳನ್ನು ಒಂದೊಂದಾಗಿ ತಿರುಗಿಸಿ ತೋರಿಸಿದೆ. ಚರ್ಚಿನ ಆರ್ಗನ್, ಹೆಲಿಕಾಪ್ಟರ್, ನಾಯಿ ಬೊಗಳುವುದು. ಮೇಷ್ಟ್ರು ಕಾಫಿ ಕುಡಿದಿಟ್ಟು, "ಎಲ್ಲಾ ಐತೆ ಸ್ವಾಮಿ, ಉಸ್ರೇ ಇಲ್ಲ" ಎಂದರು.

ಆ ಮಾತು ಗುಬ್ಬಿಯವರೇ ಹೇಳಬೇಕು. 1884ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ವೀರಣ್ಣನವರು ನಾಡಿಗೇ ಹೆಸರಾಗುವಂತೆ ಬೆಳೆಸಿದರು, 1934ರ ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಕಂಪನಿ ನಾಟಕವೆಂದರೆ ರಂಗದ ಮುಂದೆ ಕಾಲು ಹಾರ್ಮೋನಿಯಂ. ಪ್ಯಾರಿಸ್ಸಿನ ಡೆಬೈನ್ 1840ರ ದಶಕದಲ್ಲಿ ಪೇಟೆಂಟ್ ಪಡೆದ ಹಾರ್ಮೋನಿಯಮ್ಮಿನ ಹಾಗೆ ಇದಕ್ಕೂ ತಿದಿ ಒತ್ತುವುದು ಪಾದ. ಕೈ ಎರಡೂ ಮನೆಗಳ ಮೇಲೆ, ಉಸಿರೆಲ್ಲ ಕಾಲಿನಲ್ಲಿ. ನಟ ದನಿ ಏರಿಸಿದರೆ ಕಾಲು ಏರುತ್ತದೆ, ಕಣ್ಣೀರಿಗೆ ಇಳಿದರೆ ಕಾಲೂ ಇಳಿಯುತ್ತದೆ. ಗಮಕ ಹಿಡಿಯದ ವಾದ್ಯವೆಂದು ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತ್ತಲ್ಲ ಎಂದು ಕೆಣಕಿದೆ. "ರೇಡಿಯೋದೋರು ಇಟ್ರು. ಜಾತ್ರೇಲಿ ಬೆಳಗಾಗೋಗಂಟ ಕುಂತು ಕೇಳಿದ್ ಜನ ಇಟ್ರಾ?" ಎಂದರು.

ಕೀಬೋರ್ಡಿನ ಪೆಟ್ಟಿಗೆಯ ತಳದಲ್ಲಿ, ತೆಗೆಯದೇ ಬಿಟ್ಟಿದ್ದ ಒಂದು ಎಕ್ಸ್‌ಪ್ರೆಷನ್ ಪೆಡಲು ಇತ್ತು. ಅದನ್ನು ಚುಚ್ಚಿ, ಹನ್ನೊಂದನೇ ನಂಬರಿನ ಮಿಡಿ ಚೀಟಿಗೆ ಒಪ್ಪಿಸಿದೆ. ಎಕ್ಸ್‌ಪ್ರೆಷನ್ನಿಗೆಂದೇ ಕಾದಿಟ್ಟ ನಂಬರು ಅದು. ಮೇಷ್ಟ್ರು ಚಪ್ಪಲಿ ಬಿಟ್ಟು ಪಾದ ಇಟ್ಟರು. ಇಟ್ಟವರೇ ತಿದಿ ಒತ್ತುವ ಹಾಗೆ ದಬದಬ ಒತ್ತತೊಡಗಿದರು! ದನಿ ಅಲೆಯಲ್ಲಿ ಸಿಕ್ಕ ತೆಪ್ಪದಂತೆ ಮುಳುಗಿ ಏಳುತ್ತಿತ್ತು. ಒತ್ತದಿದ್ದರೂ ಗಾಳಿ ಇರುತ್ತದೆ ಮೇಷ್ಟ್ರೇ ಎಂದರೆ ಅವರ ತಲೆ ಒಪ್ಪಿತು, ಅರವತ್ತು ವರ್ಷ ತಿದಿ ಒತ್ತಿದ ಕಾಲು ಒಪ್ಪಲಿಲ್ಲ. ಕೊನೆಗೆ ಯಂತ್ರವನ್ನೇ ಒಪ್ಪಿಸಿದೆ. ಪೆಡಲು ಪೂರ್ತಿ ಎತ್ತಿದರೂ ದನಿ ಸೊನ್ನೆಗೆ ಬೀಳದೆ 70ರಲ್ಲಿ ನಿಲ್ಲುವಂತೆ ಕಟ್ಟಿದೆ. ಆಗ ಆ ಒತ್ತು ಹಾಡಿನ ಉಸಿರಿನ ಜೊತೆ ಸಣ್ಣಗೆ ಏರಿಳಿಯಿತು. ಅಡಿಗೆಮನೆಯಿಂದ ಹೆಂಡತಿ ಬಂದು ಬಾಗಿಲಿಗೆ ಒರಗಿ ನಿಂತಳು. ಚಿನ್ನದ ಲೆಕ್ಕದಲ್ಲಿ ಒಂದೆರಡು ಗ್ರಾಂ ಅವತ್ತು ವಜಾ ಆಗಿರಬೇಕು.

ಪಿಚ್ ಬೆಂಡ್ ಗಾಲಿ ತೋರಿಸಿ, ಇದರಿಂದ ಗಮಕವೂ ಬರುತ್ತದೆ, ಎರಡು ಮನೆಯಷ್ಟು ಜಾರುವುದನ್ನು ಒಂದಕ್ಕೆ ಇಳಿಸಿಕೊಂಡರೆ ಹಿಡಿತ ಸಿಗುತ್ತದೆ ಎಂದೆ. "ಗಾಲಿ ತಿರುಗ್ಸೋಕೆ ನಾನೇನ್ ಬಸ್ ಡ್ರೈವರಾ?" ಎಂದು ಮುಟ್ಟಲೇ ಇಲ್ಲ.

ಆದರೆ ಚೀಟಿಯ ನಿಜವಾದ ಬೆಲೆ ತಿಳಿದದ್ದು ಆಮೇಲೆ. ಮೇಷ್ಟ್ರು ಬಿಳಿ ಒಂದರಲ್ಲಿ ನುಡಿಸಿದ್ದರು, ಕೃಷ್ಣನ ಗಂಟಲು ಕಪ್ಪು ಒಂದು. ಮತ್ತೆ ನುಡಿಸಬೇಕಾಗಲಿಲ್ಲ. ಚೀಟಿಗಳನ್ನೆಲ್ಲ ಒಂದು ಮನೆ ಮೇಲೆ ತಳ್ಳಿ ಕೀಬೋರ್ಡಿಗೇ ವಾಪಸು ಕಳಿಸಿದೆ, ತಾನೇ ನುಡಿಸಿಕೊಂಡಿತು, ಕಲಿಯುವವನಿಗೆಂದು ಕಾಲವನ್ನೂ ನಿಧಾನ ಮಾಡಿದೆ, ದನಿ ಎಳೆದಾಡಲಿಲ್ಲ. ಅದೇ ಚೀಟಿಗೆ ಅಡಿಯಲ್ಲಿ ಒಂದು ಮಂದ್ರದ ತಂತಿ ದನಿ ಜೋಡಿಸಿದೆ. ಬಿಲ್ಲು ಇದ್ದರೆ ಇಡ್ಲಿಯನ್ನು ಎಷ್ಟು ಸಲ ಬೇಕಾದರೂ ಬೇಯಿಸಬಹುದು!

ಆ ಉತ್ಸಾಹದಲ್ಲಿ ಕ್ವಾಂಟೈಸ್ ಎಂಬ ಗುಂಡಿಯನ್ನೂ ಒತ್ತಿಬಿಟ್ಟೆ. ಹಿಂದೆ ಮುಂದೆ ಬಿದ್ದ ಪ್ರತಿ ಸ್ವರವನ್ನೂ ತಾಳದ ಗೆರೆಗೆ ತಂದು ನಿಲ್ಲಿಸುವುದು ಅದರ ಕೆಲಸ. ಕುಣಿಗಲ್ ಸ್ಟಡ್ ಫಾರ್ಮಿನ ಕುದುರೆಯನ್ನು ಶಾಲೆ ಮಕ್ಕಳ ಪ್ರಭಾತಫೇರಿಯಲ್ಲಿ ನಡೆಸಿದ ಹಾಗಾಯಿತು. ಮೇಷ್ಟ್ರು ಕೇಳಿ, "ಇದ್ಯಾರು ನುಡಿಸಿರೋದು?" ಎಂದರು. ನೀವೇ ಎಂದರೆ ನಂಬಲಿಲ್ಲ. ಹಿಂದಕ್ಕೆ ಎಂಬ ಗುಂಡಿ ಒತ್ತಿ ಅವರನ್ನು ಅವರಿಗೇ ಒಪ್ಪಿಸಿದೆ.

ಲ್ಯಾಪ್‌ಟಾಪಿನಲ್ಲಿದ್ದದ್ದು ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶ. 60 ದಿನ ಪುಕ್ಕಟೆ ನೋಡಿ ಎನ್ನುತ್ತದೆ. ಮುಗಿದ ಮೇಲೂ ಬಾಗಿಲು ಹಾಕದೆ, ತೆರೆದಾಗಲೆಲ್ಲ ದುಡ್ಡಿನ ಮಾತು ನೆನಪಿಸಿ ಒಳಗೆ ಬಿಡುತ್ತದೆ. ಪರದೆಯ ಮೇಲೆ ಏನೋ ಬರೆದು ಬಂತಲ್ಲ ಎಂದು ಮೇಷ್ಟ್ರು ಕೇಳಿದರು. ಓದಿ ಹೇಳಿದೆ. "ಎಷ್ಟ್ ದಿನದಿಂದ ಹಿಂಗೆ?" ಎಂದರು. ಅರವತ್ತು ದಿನ ಎಂದೋ ದಾಟಿತು ಎನ್ನಲು ಬಾಯಿ ಬರಲಿಲ್ಲ. ಅವತ್ತೇ ರಾತ್ರಿ 60 ಡಾಲರ್ ಕಟ್ಟಿದೆ.

ಕೃಷ್ಣ ಮಟ್ಟುಗಳನ್ನು ರೈಲಿನಲ್ಲಿ ಕಲಿತ. ಪಕ್ಕದ ಸೀಟಿನವರೂ ಕಲಿತರಂತೆ. ಈಗ ನನಗಿರುವ ತೊಂದರೆ ಒಂದೇ. ಮೇಷ್ಟ್ರು ಹೋಗುವಾಗ ಪೆಡಲನ್ನು ಟವಲಿನಲ್ಲಿ ಸುತ್ತಿ ಗುಬ್ಬಿಗೆ ತೆಗೆದುಕೊಂಡು ಹೋದರು. ಕೀಬೋರ್ಡು ನನ್ನ ಮನೆಯಲ್ಲಿ, ಪೆಡಲು ಇಪ್ಪತ್ತು ಕಿಲೋಮೀಟರ್ ಆಚೆ. ಫೋನು ಮಾಡಿ, ಅದು ಯಾವುದಕ್ಕೂ ಕಟ್ಟದೆ ನುಡಿಯುವುದಿಲ್ಲ ಮೇಷ್ಟ್ರೇ ಎಂದೆ.

"ನುಡಿಯೋದ್ ಬ್ಯಾಡ ಬುಡಿ ಸ್ವಾಮಿ. ಕಾಲಿಗೆ ಒತ್ತದೇ ಇರೋದು ಅಭ್ಯಾಸ ಮಾಡ್ಸ್ತಾ ಇದೀನಿ" ಎಂದರು.