ನ್ಯೂ ಆರ್ಲೀನ್ಸಿನಲ್ಲಿ ಊಟ ಯಾವತ್ತು?

ಮಗಳ ಬಾಣಂತನಕ್ಕೆ ಅಂತಲೋ, ಮಗನ ಹೊಸ ಮನೆ ನೋಡೋಕೆ ಅಂತಲೋ ಹೂಸ್ಟನ್ನಿಗೆ ಬಂದ ನಮ್ಮವರು ಮೂರು ದಿನ ರಜ ಸಿಕ್ಕರೆ ನ್ಯೂ ಆರ್ಲೀನ್ಸಿಗೆ ಒಂದು ಸುತ್ತು ಹೋಗಿಬರುತ್ತಾರೆ. ಕಾರಿನಲ್ಲಿ ಐದಾರು ಗಂಟೆಯ ದಾರಿ. ಹೊರಡೋ ಮುಂಚೆ ಎಲ್ಲರದೂ ಒಂದೇ ಪ್ರಶ್ನೆ: "ಅಲ್ಲಿ ಊಟಕ್ಕೆ ಎಲ್ಲಿ ಚೆನ್ನಾಗಿರುತ್ತೆ?" ದಯವಿಟ್ಟು ಇದನ್ನು ಆ ಊರಿನವರ ಮುಂದೆ ಮಾತ್ರ ಎತ್ತಬೇಡಿ. ಟ್ಯಾಕ್ಸಿಯವನನ್ನು ಕೇಳಿದಿರೋ, ನೀವು ಇಳಿಯೋ ಜಾಗ ಬಂದರೂ ಅವನ ಮಾತು ಮುಗಿಯೋದಿಲ್ಲ, ಮೀಟರೂ ನಿಲ್ಲೋದಿಲ್ಲ. ಕೊನೆಗೆ ಸಿಗೋ ಉತ್ತರ ಇಷ್ಟೇ: ಅವರಮ್ಮ ಮಾಡಿದ್ದು ಬಿಟ್ಟರೆ ಊರಲ್ಲಿ ಬೇರೆಲ್ಲೂ ಗಂಬೋ (ಆ ಊರಿನ ಗಟ್ಟಿ ಸಾರು) ಅನ್ನೋದೇ ಇಲ್ಲ.

ಯಾವತ್ತು ಏನು ತಿನ್ನಬೇಕು ಅಂತ ಕೇಳಿ ನೋಡಿ. ಇಡೀ ಊರು ಒಂದೇ ದನಿಯಲ್ಲಿ ಹೇಳುತ್ತದೆ. ಪಂಚಾಂಗ ನೋಡಿ ಉಣ್ಣೋ ಊರು ಅದು.

ಸೋಮವಾರ ಅಂದರೆ ರೆಡ್ ಬೀನ್ಸ್ ಮತ್ತು ಅನ್ನ. ಹಿಂದೆ ಸೋಮವಾರ ಬಟ್ಟೆ ಒಗೆಯುವ ದಿನ. ಭಾನುವಾರದ ಹಬ್ಬದೂಟದಲ್ಲಿ ಉಳಿದ ಹಂದಿಮೂಳೆಯನ್ನು ಕೆಂಪು ಕಾಳಿನ ಜೊತೆ ಪಾತ್ರೆಗೆ ಹಾಕಿ, ಒಲೆಯ ಮೇಲಿಟ್ಟು, ಹೆಂಗಸರು ಬಟ್ಟೆ ಕುಕ್ಕೋಕೆ ಹೋಗುತ್ತಿದ್ದರು. ಸಂಜೆ ಹೊತ್ತಿಗೆ ಬಟ್ಟೆಯೂ ಒಣಗಿರುತ್ತಿತ್ತು, ಕಾಳೂ ಬೆಂದಿರುತ್ತಿತ್ತು. ವಾಷಿಂಗ್ ಮೆಷಿನ್ ಬಂದು ಎಷ್ಟೋ ಕಾಲವಾಯಿತು, ಸೋಮವಾರದ ಕಾಳು ಮಾತ್ರ ತಪ್ಪಿಲ್ಲ. ಈ ಊರಲ್ಲೇ ಹುಟ್ಟಿ ಬೆಳೆದ ಜಾಸ್ ದೊರೆ ಲೂಯಿ ಆರ್ಮ್‌ಸ್ಟ್ರಾಂಗ್ ತಮ್ಮ ಕಾಗದಗಳ ಕೊನೆಯಲ್ಲಿ 'ಇಂತಿ ತಮ್ಮ ವಿಶ್ವಾಸಿ' ಅನ್ನೋ ಜಾಗದಲ್ಲಿ ಈ ಕಾಳು-ಅನ್ನದ ಹೆಸರು ಬರೆದು ಸಹಿ ಹಾಕುತ್ತಿದ್ದರು. ನಮ್ಮಲ್ಲಿ ಯಾರಾದರೂ 'ಇಂತಿ ತಮ್ಮ ಬಿಸಿಬೇಳೆಬಾತ್' ಅಂತ ಬರೆದಾರೆಯೇ?

"ಕಾಳು-ಅನ್ನ ತಾನೇ, ನಮಗೂ ಆಗುತ್ತಲ್ಲ!" ಅಂತ ಹಿಗ್ಗಬೇಡಿ ಸಸ್ಯಾಹಾರಿಗಳೇ, ಮೂಳೆಯ ಕತೆ ಈಗಷ್ಟೇ ಹೇಳಿದೆ. ನಿಮ್ಮ ಪಾಡು ಈ ಊರಲ್ಲಿ ಕಷ್ಟವೇ. ಈಸ್ಟರಿಗೆ ಮುಂಚಿನ ಗುರುವಾರ ಡೂಕಿ ಚೇಸ್ ಹೋಟೆಲಿನಲ್ಲಿ 'ಗಂಬೋ ಝೆರ್ಬ್' ಮಾಡುತ್ತಾರೆ. ಬಗೆಬಗೆಯ ಸೊಪ್ಪು ಹಾಕಿ ಮಾಡೋ ಗಂಬೋ, ನೋಡೋಕೆ ಥೇಟ್ ನಮ್ಮ ಬೆರಕೆ ಸೊಪ್ಪಿನ ಮಸ್ಸೊಪ್ಪು. ಸೊಪ್ಪಿನ ಲೆಕ್ಕ ಬೆಸವೇ ಇರಬೇಕಂತೆ. ಎಷ್ಟು ಬಗೆ ಸೊಪ್ಪೋ ಆ ವರ್ಷ ಅಷ್ಟು ಹೊಸ ಸ್ನೇಹಿತರಂತೆ. ನಮ್ಮ ಅಜ್ಜಿಯರು ಕೇಳಿದ್ದರೆ ತಲೆದೂಗುತ್ತಿದ್ದರು. ಆದರೆ ಆ ಸೊಪ್ಪಿನ ಅಡಿಯಲ್ಲಿ ಸಾಸೇಜು, ಹ್ಯಾಮು, ಕೋಳಿ ಎಲ್ಲ ಬಚ್ಚಿಟ್ಟುಕೊಂಡಿರುತ್ತವೆ. ಉದ್ದ ಬ್ರೆಡ್ಡಿನೊಳಗೆ ತುಂಬಿಸಿ ಕೊಡೋ ಪೋಬಾಯ್ ಅಂಗಡಿಯಲ್ಲೂ ಇದೇ ಮೋಸ. ಆಲೂಗಡ್ಡೆ ಫ್ರೈ ತುಂಬಿದ ಪೋಬಾಯ್ ಇದೆ ಅಂತ ಖುಷಿಯಾಗೋ ಅಷ್ಟರಲ್ಲಿ ಅದರ ಮೇಲೆ ದನದ ಮಾಂಸದ ಗ್ರೇವಿ ಸುರಿದಿರುತ್ತಾರೆ.

ಮೀನು-ಸೀಗಡಿ ತಿನ್ನೋ ಮಂಗಳೂರು ಕಡೆಯವರಿಗೆ ಪೋಬಾಯ್ ಅಂಗಡಿಯೇ ಸ್ವರ್ಗ. ಮೊಳದುದ್ದದ ಬ್ರೆಡ್ಡು, ಮೇಲೆ ಗರಿಗರಿ, ಒಳಗೆ ಹತ್ತಿ. ಅದರೊಳಗೆ ಕರಿದ ಸೀಗಡಿ ಬಾಯಿಗೂ ಹಿಡಿಸದಷ್ಟು. 1929ರಲ್ಲಿ ಟ್ರಾಮ್ ನೌಕರರು ಮುಷ್ಕರ ಹೂಡಿದರು. ಮೊದಲು ಟ್ರಾಮಿನಲ್ಲೇ ಕಂಡಕ್ಟರಾಗಿದ್ದು ಆಮೇಲೆ ಹೋಟೆಲಿಟ್ಟಿದ್ದ ಮಾರ್ಟಿನ್ ಸಹೋದರರು ಮುಷ್ಕರದವರಿಗೆ ಬಿಟ್ಟಿಯಾಗಿ ಹಂಚಿದ ತಿಂಡಿ ಇದು. ಬಾಗಿಲಲ್ಲಿ ಯಾರಾದರೂ ಕಂಡರೆ "ಇನ್ನೊಬ್ಬ ಬಡಪಾಯಿ (ಪೂರ್ ಬಾಯ್) ಬಂದ" ಅನ್ನುತ್ತಿದ್ದರಂತೆ. ಆ ಹೆಸರು ತಿಂಡಿಗೇ ಅಂಟಿತು. ಈಗ ಸಾಲಿನಲ್ಲಿ ನಿಂತು, ದುಡ್ಡು ಕೊಟ್ಟು ಬಡಪಾಯಿ ಆಗುವವರು ನಾವು.

ಶುಕ್ರವಾರ ಮಧ್ಯಾಹ್ನ ಬೂರ್ಬನ್ ಬೀದಿಯ ಗ್ಯಾಲಟೋರ್ಸ್. 1905ರಿಂದ ಇರೋ ಹೋಟೆಲು. ಕೆಳಗಿನ ಹಾಲಿಗೆ ಮುಂಗಡ ಬುಕಿಂಗ್ ಇಲ್ಲ. ದೊಡ್ಡ ಮನುಷ್ಯರು ಬೆಳಗ್ಗೆಯೇ ಕೂಲಿ ಕೊಟ್ಟು ಬೇರೆಯವರನ್ನು ಸಾಲಿನಲ್ಲಿ ನಿಲ್ಲಿಸಿ, ತಾವು ಊಟದ ಹೊತ್ತಿಗೆ ಹ್ಯಾಟು ಹಾಕಿಕೊಂಡು ಇಳಿಯುತ್ತಾರೆ. ಊಟ ಸಂಜೆಯವರೆಗೂ ನಡೆಯುತ್ತದೆ. ಕೂತಿರೋ ಟೇಬಲ್ಲಿನ ಪಕ್ಕ ನಿಂತು, ಎಲೆ ಎತ್ತೋದನ್ನೇ ಕಾಯುವ ನಮ್ಮ ಮದುವೆಮನೆ ವಿದ್ಯೆ ಇಲ್ಲಿ ನಡೆಯೋದಿಲ್ಲ. 1840ರ ಆಂಟ್ವಾನ್ಸ್ ಇನ್ನೂ ಹಳೆಯದು. ಶ್ರೀಮಂತ ರಾಕ್‌ಫೆಲರನ ಹೆಸರಿಟ್ಟ ಅಲ್ಲಿನ ಸಿಂಪಿಯ ತಿನಿಸಿನ ಗುಟ್ಟನ್ನು 1899ರಿಂದ ಬಾಯಿ ಬಿಟ್ಟಿಲ್ಲ. ಬಿಲ್ಲು ನೋಡಿದರೆ ಆ ಹೆಸರೇಕೆ ಅಂತ ತಿಳಿಯುತ್ತದೆ.

ಜನವರಿ 6ರಿಂದ ಮಾರ್ಡಿ ಗ್ರಾ ಹಬ್ಬದವರೆಗೆ ಕಿಂಗ್ ಕೇಕ್. ಅದರಲ್ಲಿ ಪುಟ್ಟ ಪ್ಲಾಸ್ಟಿಕ್ ಮಗು ಅಡಗಿರುತ್ತದೆ. ಯಾರ ತುಂಡಿನಲ್ಲಿ ಸಿಕ್ಕಿತೋ ಮುಂದಿನ ಕೇಕು ಅವರ ಖರ್ಚು. ನಿಮ್ಮ ಷಡ್ಡಕನ ಕೈಯಲ್ಲಿ ಕತ್ತರಿಸಿ, ಕಣ್ಣು ಅವನ ತಟ್ಟೆಯ ಮೇಲೇ ಇರಲಿ. ಮಗುವನ್ನು ನುಂಗಿದರೂ ನುಂಗಿಯಾನು.

ವಾರ-ತಿಥಿ ನೋಡದೆ ಯಾವಾಗ ಬೇಕಾದರೂ ಆಗೋದು ಅಂದರೆ ಕಾಫಿ. 1862ರ ಕೆಫೆ ದು ಮಾಂಡಿಗೆ ಹೋಗಿ. ಅಮೆರಿಕದ ಉಳಿದ ಕಡೆ ಕಾಫಿ ಅಂತ ಕೊಡೋ ಕಂದು ನೀರು ಕುಡಿದು ಬೇಸತ್ತ ನಮ್ಮವರಿಗೆ ಇಲ್ಲಿ ಜೀವ ಬರುತ್ತದೆ. ಇಲ್ಲಿನ ಪುಡಿಗೆ ಚಿಕೋರಿ ಬೆರೆಸುತ್ತಾರೆ, ಅರ್ಧಕ್ಕರ್ಧ ಬಿಸಿ ಹಾಲು ಹಾಕುತ್ತಾರೆ. ಅಂತರ್ಯುದ್ಧದಲ್ಲಿ ಬಂದರು ಮುಚ್ಚಿ ಕಾಫಿಬೀಜಕ್ಕೆ ಬರ ಬಂದಾಗ ಚಿಕೋರಿ ಬೆರೆಸಿ ಕುಡಿದರು, ಬರ ಕಳೆದ ಮೇಲೂ ರುಚಿ ಬಿಡಲಿಲ್ಲ. ಜೊತೆಗೆ ಬೆನ್ಯೆ ಬರುತ್ತದೆ, ಪ್ಲೇಟಿಗೆ ಮೂರು: ಚೌಕಾಕಾರಕ್ಕೆ ಕತ್ತರಿಸಿ ಎಣ್ಣೆಯಲ್ಲಿ ಉಬ್ಬಿಸಿದ ಹಿಟ್ಟು, ಅದು ಕಾಣದ ಹಾಗೆ ಮೇಲೆ ಪುಡಿಸಕ್ಕರೆಯ ರಾಶಿ. ಬಾಯಿಗೆ ಇಡೋವಾಗ ಉಸಿರು ಎಳೆದರೆ ಸಕ್ಕರೆ ಗಂಟಲಿಗೆ ಹೋಗಿ ಕೆಮ್ಮು. ಉಸಿರು ಬಿಟ್ಟರೆ ಎದುರು ಕೂತವರ ಮುಖಕ್ಕೆಲ್ಲ ವಿಭೂತಿ. ಕಪ್ಪು ಬಟ್ಟೆ ಹಾಕಿಕೊಂಡು ಹೋದವರು ಹೊರಬರೋವಾಗ ಹಿಟ್ಟಿನ ಗಿರಣಿಯಿಂದ ಬಂದ ಹಾಗಿರುತ್ತಾರೆ. ಮನೆಯವರ ಜೊತೆ ಜಗಳ ಇದ್ದರೆ ಇಲ್ಲಿ ಕೂತು ಆಡಬೇಡಿ, ಗಂಭೀರವಾಗಿರೋಕೆ ಯಾರಿಂದಲೂ ಆಗೋದಿಲ್ಲ.

ಡೂಕಿ ಚೇಸ್ ವಿಷಯ ಇನ್ನೊಂದು ಮಾತು. 1941ರ ಹೋಟೆಲು. ಕರಿಯರು-ಬಿಳಿಯರು ಒಟ್ಟಿಗೆ ಕೂತು ಉಣ್ಣೋದು ಕಾನೂನಿಗೆ ವಿರುದ್ಧವಾಗಿದ್ದ ಕಾಲದಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರರು ಸೇರುತ್ತಿದ್ದದ್ದು ಅದರ ಮಹಡಿಯ ಮೇಲೆ. ಅಲ್ಲಿನ ಒಡತಿ, ಅಡುಗೆಯ ಮಹಾತಾಯಿ ಲೇಯಾ ಚೇಸ್ 2019ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಒಬಾಮಾ ಅಧ್ಯಕ್ಷರಾಗೋ ಮುಂಚೆ ಅಲ್ಲಿಗೆ ಬಂದು ಗಂಬೋ ಮುಂದಿಡುತ್ತಲೇ ಖಾರದ ಸಾಸಿನ ಸೀಸೆಗೆ ಕೈಹಾಕಿದ್ದಕ್ಕೆ ಆಕೆ ಗದರಿಸಿಬಿಟ್ಟಿದ್ದರು. ಆದ್ದರಿಂದ ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಡಬ್ಬಿ ಇರಲಿ, ಯಾರೂ ಬೇಡ ಅನ್ನೋದಿಲ್ಲ. ಆದರೆ ಅದನ್ನು ಹೋಟೆಲ್ ರೂಮಿನಲ್ಲೇ ಬಿಟ್ಟು ಊಟಕ್ಕೆ ಹೋಗಿ.