ಹಿತ್ತಲ ಬಾಗಿಲ ಲಕ್ಷ್ಮಿ

ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯಲ್ಲಿ ಭೀಮಸೇನ ಜೋಶಿಯವರು ಲಕ್ಷ್ಮಿಯನ್ನು ಕರೆಯಲೇಬೇಕು. ಪುರಂದರದಾಸರ ಆ ಪದ ಕೇಳದೆ ಅಮ್ಮ ಮಂಗಳಾರತಿ ಎತ್ತುವವಳಲ್ಲ. 2004ರ ಶ್ರಾವಣದಲ್ಲಿ ಕ್ಯಾಸೆಟ್ಟಿನ ಟೇಪು ಪ್ಲೇಯರಿನ ಹೊಟ್ಟೆಯೊಳಗೆ ಸುತ್ತಿಕೊಂಡಿತು. ಪೆನ್ಸಿಲ್ ತೂರಿಸಿ ತಿರುಗಿಸಿದ್ದಾಯಿತು, ಹರಿದಲ್ಲಿ ಗಮ್‌ಟೇಪು ಅಂಟಿಸಿದ್ದಾಯಿತು. ಜೋಶಿಯವರು ಬಾವಿಯೊಳಗೆ ಕೂತು ಹಾಡಿದಂತೆ ಕೇಳತೊಡಗಿದಾಗ ಅಮ್ಮ ಅಂದಳು: "ಅಷ್ಟು ದುಡ್ಡು ಸುರಿದು ಕಂಪ್ಯೂಟರ್ ತಂದಿದ್ದೀಯಲ್ಲ, ಅದು ಹಾಡಲ್ವೇನೋ?"

ಹಾಡದೆ ಏನು! ಗೆಳೆಯನ ಹತ್ತಿರ ಸಿಡಿ ಇತ್ತು. ತಂದು, ಅದರಲ್ಲಿದ್ದ ಎಂಟೂ ಹಾಡುಗಳನ್ನು ಕಂಪ್ಯೂಟರಿಗೆ ಕಾಪಿ ಮಾಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಜೋಶಿಯವರಂಥವರು ಇಷ್ಟು ಸಲೀಸಾಗಿ ಬಂದಾರೆಯೇ ಎಂಬ ಅನುಮಾನ ಬರಬೇಕಿತ್ತು, ಬರಲಿಲ್ಲ. ನನ್ನ ಕಂಪ್ಯೂಟರಿನ ವೇಗಕ್ಕೆ ನಾನೇ ಬೀಗಿ, ಸಿಡಿಯನ್ನು ಅಂದೇ ಹಿಂದಿರುಗಿಸಿದೆ. ಗೆಳೆಯ ಅದನ್ನು ಚೀಲಕ್ಕೆ ಹಾಕಿಕೊಂಡು ಬೆಂಗಳೂರಿಗೆ ಹೋದ.

ಶುಕ್ರವಾರ ಕೈಮುಗಿದು ನಿಂತ ಅಮ್ಮನ ಎದುರು ಮೌಸನ್ನು ಎರಡು ಸಲ ಕುಟ್ಟಿದೆ. ಸದ್ದಿಲ್ಲ. ಆಮೇಲೆ ತಿಳಿದದ್ದು: ಸಿಡಿಎ ಎಂಬ ಬಾಲದ ಆ ಫೈಲುಗಳಲ್ಲಿ ಹಾಡೇ ಇರುವುದಿಲ್ಲ. ಹಾಡು ಸಿಡಿಯ ಯಾವ ಜಾಗದಲ್ಲಿದೆ ಎಂದು ಹೇಳುವ ವಿಳಾಸದ ಚೀಟಿಗಳು ಅವು, ತೂಕ ತಲಾ 44 ಬೈಟ್. ಮದುವೆ ಊಟ ಕಟ್ಟಿಸಿಕೊಂಡು ಬಂದೆನೆಂದು ಬಿಚ್ಚಿದರೆ ಒಳಗೆ ಲಗ್ನಪತ್ರಿಕೆ!

ಇನ್ನು ಉಳಿದದ್ದು ಇಂಟರ್ನೆಟ್ಟು. ದಾಸರ ಲಕ್ಷ್ಮಿ ಗೆಜ್ಜೆಯ ದನಿಯೊಂದಿಗೆ ಬರುವವಳು. ನಮ್ಮ ಮೋಡೆಮ್ ಮೊದಲು ಕುಂಯ್ ಎಂದು ನರಳಿ, ಕರಕರ ಹಲ್ಲು ಕಡಿದು, ಆಮೇಲೆ ಬಾಗಿಲು ತೆರೆಯುತ್ತಿತ್ತು. ಅದರ ಮೈಮೇಲೆ 56ಕೆ ಎಂದು ಬರೆದಿತ್ತು. ಅದು ಬಿಟ್ಟಿನ ಲೆಕ್ಕ. ಎಂಟು ಬಿಟ್ ಕೂಡಿದರೆ ಒಂದು ಬೈಟ್. ಅಂದರೆ ಹೆಚ್ಚೆಂದರೆ ಸೆಕೆಂಡಿಗೆ 7 ಕೆಬಿ. ಮಳೆಗಾಲದ ಮಲೆನಾಡಿನ ತಂತಿಯಲ್ಲಿ 3 ಬಂದರೆ ಪುಣ್ಯ. ಹಾಡಿನ ತೂಕ 5 ಎಂಬಿ, ಅಂದರೆ ಅರ್ಧ ಗಂಟೆಯ ದಾರಿ.

ಎಂಪಿ3 ಇಲ್ಲದಿದ್ದರೆ ಆ ದಾರಿ ಐದು ಗಂಟೆಯದಾಗುತ್ತಿತ್ತು. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ಎಂಜಿನಿಯರುಗಳು ಈ ಬಾಲವನ್ನು ಫೈಲಿನ ಹೆಸರಿಗೆ ಅಂಟಿಸಿದ್ದು 1995ರಲ್ಲಿ. ಅದರ ಉಪಾಯ ನಮ್ಮ ಮದುವೆಮನೆಯಲ್ಲೇ ಇದೆ. ಗಟ್ಟಿಮೇಳ ಶುರುವಾದ ಮೇಲೆ ಪುರೋಹಿತರು ಮಂತ್ರ ಹೇಳುತ್ತಿದ್ದಾರೋ, ಬರೀ ತುಟಿ ಆಡಿಸುತ್ತಿದ್ದಾರೋ ಯಾರಿಗೆ ಗೊತ್ತು? ದೊಡ್ಡ ಸದ್ದಿನ ಅಡಿಯಲ್ಲಿ ಹೇಗೂ ಕೇಳಿಸದ ಸಣ್ಣ ಸದ್ದನ್ನು ಹೊತ್ತು ತರುವುದೇಕೆ ಎಂದು ಅಲ್ಲೇ ಬಿಟ್ಟುಬಿಡುವುದು. ನಾನು ಇಳಿಸುತ್ತಿದ್ದ ದರ್ಜೆಯಲ್ಲಿ ಸಿಡಿಯ ಹನ್ನೊಂದು ಪಾಲಿನಲ್ಲಿ ಒಂದೇ ಪಾಲು ಉಳಿಯುತ್ತದೆ. ಹತ್ತು ಪಾಲು ಹೋದರೂ ಅಮ್ಮನಿಗೆ ವ್ಯತ್ಯಾಸ ತಿಳಿಯದು; ನನಗಂತೂ ಸರಿಯೇ ಸರಿ.

ಮೊದಲ ಸಲ ಮುಕ್ಕಾಲು ಪಾಲು ಇಳಿದಿತ್ತು. ಅಪ್ಪ ಒಳಕೋಣೆಯ ಫೋನೆತ್ತಿ "ಹಲೋ" ಎಂದರು, ತಂತಿ ಕಡಿಯಿತು. ಎರಡನೆಯ ಸಲ ಬೇರೆಲ್ಲೋ ಸಿಕ್ಕ ಫೈಲು ಎರಡೇ ನಿಮಿಷದಲ್ಲಿ ಇಳಿಯಿತು. 44 ಬೈಟಿನ ಪಾಠ ಆಗಲೇ ಮರೆತಿದ್ದೆ! ಹೆಸರಿನ ಕೊನೆಗೆ ಎಂಪಿ3 ಎಂದೇ ಇತ್ತು. ಆದರೆ ವಿಂಡೋಸ್ ತನಗೆ ಪರಿಚಯವಿರುವ ಬಾಲವನ್ನು ಮರೆಮಾಡಿ ತೋರಿಸುತ್ತದೆ. ಅದರ ಹಿಂದೆ ಇಎಕ್ಸ್‌ಇ ಎಂಬ ಅಸಲಿ ಬಾಲ ಅಡಗಿ ಕೂತಿತ್ತು. ಒತ್ತಿದೆ. ಹಾಡು ಬರಲಿಲ್ಲ, ಕಂಪ್ಯೂಟರೇ ಮಲಗಿತು. ರಿಪೇರಿ ಹುಡುಗ ಬಂದು, "ವೈರಸ್ ಸಾರ್, ಫಾರ್ಮ್ಯಾಟ್ ಹೊಡೀಬೇಕು" ಎಂದು 300 ರೂಪಾಯಿ ತೆಗೆದುಕೊಂಡು ಹೋದ. ಬರಬೇಕಾದ ಲಕ್ಷ್ಮಿ ಹೋದಳು.

ಮೂರನೆಯ ಪ್ರಯತ್ನ ರಾತ್ರಿಯದು. ಕಡಿಯಿತು, ಮತ್ತೆ ಮೊದಲಿಂದ. ಕಡಿಯಿತು, ಮತ್ತೆ ಮೊದಲಿಂದ. ತೀರ್ಥಹಳ್ಳಿಯ ಚಿಕ್ಕಪ್ಪ ಎಷ್ಟು ಸಲ ಫೋನು ಮಾಡಿದರೂ ಎಂಗೇಜ್ ಬಂದು, ಬೆಳಗಿನ ಮೊದಲ ಬಸ್ಸಿಗೇ ಇಳಿದು "ಎಲ್ಲ ಕ್ಷೇಮವೇನೋ?" ಎಂದು ಗಾಬರಿಯಿಂದ ಒಳಗೆ ಬಂದರು. ಅವರಿಗೆ ಕಾಫಿ ಕೊಡುವ ಹೊತ್ತಿಗೆ ನನ್ನ ಕೈಲಿದ್ದದ್ದು 3.2 ಎಂಬಿ. ಎಂಪಿ3 ಎಂದರೆ ಕೋಡುಬಳೆಯಲ್ಲ, ಚಕ್ಕುಲಿಯೂ ಅಲ್ಲ, ಬೂಂದಿ. ಸಣ್ಣ ಸಣ್ಣ ತುಣುಕುಗಳ ಸಾಲು, ಬಂದಷ್ಟನ್ನು ಸವಿಯಬಹುದು. ಹಾಡಿತು! ಮೂರು ನಿಮಿಷ ಇಪ್ಪತ್ತು ಸೆಕೆಂಡು ಹಾಡಿ, ಸಾಲಿನ ನಡುವೆಯೇ ನಿಂತಿತು. ಅಮ್ಮ ಕಣ್ಣು ಬಿಡಲಿಲ್ಲ. ಉಳಿದದ್ದನ್ನು ತಾನೇ ಹಾಡಿ ಮುಗಿಸಿ ಆರತಿ ಎತ್ತಿದಳು.

ಆ ಹಾಡನ್ನು ಹಂಚುವ ಹಕ್ಕು ಅಲ್ಲಿಟ್ಟವರಿಗೆ ಯಾರು ಕೊಟ್ಟರು ಎಂದು ನಾನು ಆಗ ಕೇಳಲಿಲ್ಲ. ದೀಪ ಹಚ್ಚುವಾಗ ಹಿತ್ತಲ ಬಾಗಿಲು ಮುಚ್ಚಬೇಕೆನ್ನುವ ಅಮ್ಮನಿಗೆ, ಲಕ್ಷ್ಮಿ ಬಂದದ್ದೇ ಆ ಬಾಗಿಲಿಂದ ಎಂದು ಇವತ್ತಿಗೂ ಹೇಳಿಲ್ಲ.

ಈಗ ಫೋನಿನಲ್ಲಿ ಬೆರಳಿಟ್ಟರೆ ಪೂರ್ತಿ ಹಾಡು ಬರುತ್ತದೆ, ಅದೂ ರಾಜಮಾರ್ಗದಲ್ಲೇ. ಮೂರು ನಿಮಿಷ ಇಪ್ಪತ್ತು ಸೆಕೆಂಡು ಆಗುತ್ತಿದ್ದಂತೆ ಅಮ್ಮ, "ಸಾಕು, ನಿಲ್ಲಿಸೋ" ಎನ್ನುತ್ತಾಳೆ. ಅಲ್ಲಿಂದ ಮುಂದೆ ಅವಳದು.